ಬೆಂಚಿನ ಮೇಲೂ ಒಂದು ಕಣ್ಣಿರಲಿ

ಫುಟ್‌ಬಾಲ್ ನೋಡಲು ಹೊಸದಾಗಿ ಕೂತವರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಎಲ್ಲರೂ ಶುರು ಮಾಡುವುದು ಹಾಗೆಯೇ. ಗೋಲಿನ ಖುಷಿ, ಡ್ರಿಬ್ಲಿಂಗ್‌ನ ಸೊಗಸು ಒಂದೆರಡು ತಿಂಗಳಲ್ಲಿ ತಾನಾಗಿ ಹಿಡಿಸುತ್ತದೆ. ಅದಕ್ಕೆ ಕೈಪಿಡಿ ಬೇಡ. ಗೆಲ್ಲಲೇಬೇಕಿದ್ದ ತಂಡ ಡಿಸೆಂಬರ್ ಹೊತ್ತಿಗೆ ಯಾಕೆ ಮುಗ್ಗರಿಸುತ್ತಿದೆ, ಯಾರೂ ಲೆಕ್ಕಕ್ಕಿಡದ ತಂಡ ಏಪ್ರಿಲ್‌ನಲ್ಲೂ ಮೊದಲ ಸ್ಥಾನದಲ್ಲಿ ಹೇಗೆ ಕೂತಿದೆ ಎಂಬ ಪ್ರಶ್ನೆ ಹುಟ್ಟಿದಾಗ ಕೈಪಿಡಿ ಬೇಕಾಗುತ್ತದೆ. ಇದಕ್ಕೆ ಮೈದಾನದೊಳಗೆ ಸಿಗುವುದು ಅರ್ಧ ಉತ್ತರ. ಉಳಿದರ್ಧ ಫಿಸಿಯೊ ಕೋಣೆಯಲ್ಲಿದೆ, ಕರಾರಿನ ಕಾಗದದಲ್ಲಿದೆ, ಬೇಸಿಗೆಯಲ್ಲಿ ಕೊಂಡ ಆಟಗಾರರ ಮತ್ತು ಕೊಳ್ಳದೇ ಬಿಟ್ಟವರ ಪಟ್ಟಿಯಲ್ಲಿದೆ.

ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದರೆ ಸಾಕು, ಬರುವ ವರ್ಷ ಯಾವ ಕಲಾವಿದ ಯಾವ ಮೇಳಕ್ಕೆ ಎಂಬ ಮಾತು ಶುರುವಾಗುತ್ತದೆ. ಭಾಗವತರು ಬದಲಾದರೆ ಮೇಳದ ನಡೆಯೇ ಬದಲಾಗುತ್ತದೆ ಎಂದು ಅಲ್ಲಿನ ಪ್ರೇಕ್ಷಕ ಬಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮುಗಿಯುವುದೂ ಸಾಮಾನ್ಯವಾಗಿ ಅದೇ ಮೇ ತಿಂಗಳ ಕೊನೆಯ ದಿನಗಳಲ್ಲಿ. ನಮ್ಮಲ್ಲಿ ತುಂಬ ಜನ ನೋಡುವ ಲೀಗ್ ಅದು. ಅದನ್ನೇ ಹಿಡಿದು ಹೇಳುತ್ತೇನೆ.

ಒಂದು ಸೀಸನ್ನನ್ನು ಹತ್ತಿರದಿಂದ ನೋಡೋಣ. 2020ರ ಅಕ್ಟೋಬರ್ 17, ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್. ಎವರ್ಟನ್ ಎದುರು ಲಿವರ್‌ಪೂಲ್. ಹಿಂದಿನ ಸೀಸನ್‌ನಲ್ಲಿ 99 ಅಂಕ ಗಳಿಸಿ, 30 ವರ್ಷಗಳ ಬಳಿಕ ಲೀಗ್ ಗೆದ್ದಿದ್ದ ತಂಡ ಲಿವರ್‌ಪೂಲ್. ಆಟ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಚೆಂಡಿಗಾಗಿ ಗೋಲಿನತ್ತ ನುಗ್ಗಿದ ಲಿವರ್‌ಪೂಲ್‌ನ ಸೆಂಟರ್ ಬ್ಯಾಕ್, ಅಂದರೆ ಡಿಫೆನ್ಸಿನ ನಡುವೆ ನಿಲ್ಲುವ ಆಟಗಾರ, ವರ್ಜಿಲ್ ವ್ಯಾನ್ ಡೈಕ್ ಅವರ ಮೊಣಕಾಲಿಗೆ ಎವರ್ಟನ್ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫೋರ್ಡ್ ಬಂದು ಅಪ್ಪಳಿಸಿದರು. ವ್ಯಾನ್ ಡೈಕ್ ಆಫ್‌ಸೈಡ್ ಇದ್ದರೆಂದು ಪೆನಾಲ್ಟಿ ಸಿಗಲಿಲ್ಲ, ಕೆಂಪು ಕಾರ್ಡೂ ಬರಲಿಲ್ಲ. ಪಂದ್ಯ 2-2ರಲ್ಲಿ ಮುಗಿಯಿತು. ಆದರೆ ಮೊಣಕಾಲಿನ ಎಸಿಎಲ್, ಅಂದರೆ ಕೀಲನ್ನು ಹಿಡಿದಿಡುವ ಮುಖ್ಯ ಅಸ್ಥಿಬಂಧ, ಹರಿದಿತ್ತು. ವ್ಯಾನ್ ಡೈಕ್ ಆ ಸೀಸನ್‌ನಲ್ಲಿ ಮತ್ತೆ ಆಡಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಆ ವರ್ಷದ ಬೇಸಿಗೆಯಲ್ಲಿ ಲಿವರ್‌ಪೂಲ್ ತನ್ನ ನಾಲ್ಕನೇ ಸೆಂಟರ್ ಬ್ಯಾಕ್ ದೆಯಾನ್ ಲೊವ್ರೆನ್ ಅವರನ್ನು ರಷ್ಯಾದ ಜೆನಿತ್ ಕ್ಲಬ್ಬಿಗೆ ಮಾರಿತ್ತು. ಅವರ ಜಾಗಕ್ಕೆ ಯಾರನ್ನೂ ತರಲಿಲ್ಲ. ಉಳಿದ ಮೂವರಲ್ಲಿ ಜೋ ಗೊಮೆಜ್ ಮತ್ತು ಜೋಯೆಲ್ ಮಾಟಿಪ್ ಮೊದಲಿಂದಲೂ ಪದೇಪದೇ ಗಾಯಗೊಳ್ಳುತ್ತಿದ್ದವರು. ನವೆಂಬರ್‌ನಲ್ಲಿ ಇಂಗ್ಲೆಂಡ್ ತಂಡದ ಅಭ್ಯಾಸದ ವೇಳೆ ಗೊಮೆಜ್ ಮೊಣಕಾಲು ಕೆಡಿಸಿಕೊಂಡರು. ಜನವರಿ ಕೊನೆಗೆ ಮಾಟಿಪ್ ಕೂಡ ಸೀಸನ್‌ನಿಂದ ಹೊರಬಿದ್ದರು. ದುರದೃಷ್ಟ ದೊಡ್ಡದೇ, ಒಪ್ಪೋಣ. ಆದರೂ ಆ ದುರದೃಷ್ಟಕ್ಕೆ ಬಾಗಿಲು ತೆರೆದಿಟ್ಟದ್ದು ಬೇಸಿಗೆಯಲ್ಲಿ ಖಾಲಿ ಬಿಟ್ಟ ಆ ಒಂದು ಜಾಗ ಎಂದೇ ನನ್ನ ಎಣಿಕೆ.

ಮುಂದೆ ಆದದ್ದನ್ನು ಹೊಸಬರು ಗಮನವಿಟ್ಟು ನೋಡಬೇಕು. ಡಿಫೆನ್ಸಿನ ತೂತು ಮುಚ್ಚಲು ಮಿಡ್‌ಫೀಲ್ಡರ್ ಫಾಬಿನ್ಯೊ ಹಿಂದಕ್ಕೆ ಬಂದರು. ಅದೂ ಸಾಲದೆ ಕ್ಯಾಪ್ಟನ್ ಜೋರ್ಡನ್ ಹೆಂಡರ್ಸನ್ ಹಿಂದಕ್ಕೆ ಬಂದರು. ಈಗ ಮಿಡ್‌ಫೀಲ್ಡ್ ಬರಿದಾಯಿತು. ಹಿಂದೆ ವ್ಯಾನ್ ಡೈಕ್ ಇದ್ದಾರೆಂಬ ಧೈರ್ಯದಲ್ಲಿ ಅಂಚಿನುದ್ದಕ್ಕೂ ಮೇಲೇರುತ್ತಿದ್ದ ಫುಲ್ ಬ್ಯಾಕ್‌ಗಳಿಗೆ ಆ ಧೈರ್ಯ ಉಳಿಯಲಿಲ್ಲ. ಒಂದು ಬದಿಯಿಂದ ಇನ್ನೊಂದು ಬದಿಗೆ ವ್ಯಾನ್ ಡೈಕ್ ಕಳಿಸುತ್ತಿದ್ದ ಉದ್ದನೆಯ ಪಾಸುಗಳೂ ನಿಂತವು. ಗಾಯವಾದದ್ದು ಡಿಫೆಂಡರಿಗೆ, ಬತ್ತಿದ್ದು ಮುಂದಿನ ಸಾಲಿನ ಗೋಲು. ತವರು ಆನ್‌ಫೀಲ್ಡ್‌ನಲ್ಲಿ ಸತತ 68 ಲೀಗ್ ಪಂದ್ಯ ಸೋಲದಿದ್ದ ತಂಡ 2021ರ ಜನವರಿ 21ರಂದು ಬರ್ನ್ಲಿಗೆ ಸೋತಿತು. ಅಲ್ಲಿಂದ ಮಾರ್ಚ್ 7ರವರೆಗೆ ತವರಿನಲ್ಲಿ ಸಾಲಾಗಿ ಆರು ಸೋಲು. ಆ ಆರು ಪಂದ್ಯಗಳಲ್ಲಿ ಹೊಡೆದದ್ದು ಒಂದೇ ಗೋಲು, ಅದೂ ಪೆನಾಲ್ಟಿ. ಕೋವಿಡ್‌ನಿಂದಾಗಿ ಕ್ರೀಡಾಂಗಣ ಖಾಲಿಯಿದ್ದದ್ದೂ ಒಂದು ಕಾರಣ ನಿಜ, ಆದರೆ ಖಾಲಿ ಕ್ರೀಡಾಂಗಣ ಎಲ್ಲ ತಂಡಗಳ ಪಾಲಿಗೂ ಬಂದಿತ್ತು.

ಆಮೇಲೆ ತಂಡ ಚೇತರಿಸಿಕೊಂಡ ಬಗೆ ನನಗೆ ಇವತ್ತಿಗೂ ಮೆಚ್ಚುಗೆ. ಫಾಬಿನ್ಯೊ ಮಿಡ್‌ಫೀಲ್ಡಿಗೆ ಮರಳಿದರು. ಡಿಫೆನ್ಸಿನಲ್ಲಿ ನ್ಯಾಟ್ ಫಿಲಿಪ್ಸ್ ನಿಂತರು, ಕೊನೆಯ ವಾರಗಳಲ್ಲಿ ಅವರ ಜೊತೆಗೆ ರೀಸ್ ವಿಲಿಯಮ್ಸ್. ವಿಲಿಯಮ್ಸ್ ಹಿಂದಿನ ಸೀಸನ್‌ನಲ್ಲಿ ಆರನೇ ದರ್ಜೆಯ ಕಿಡರ್‌ಮಿನ್‌ಸ್ಟರ್ ಹ್ಯಾರಿಯರ್ಸ್ ಪರ ಲೋನ್ ಮೇಲೆ ಆಡಿದ್ದ ಹುಡುಗ. ಕೊನೆಯ ಹತ್ತು ಪಂದ್ಯಗಳಲ್ಲಿ ಎಂಟು ಗೆಲುವು, ಎರಡು ಡ್ರಾ. ಮೇ 16ರಂದು ವೆಸ್ಟ್ ಬ್ರಾಮ್‌ವಿಚ್ ಮೈದಾನದಲ್ಲಿ 95ನೇ ನಿಮಿಷದ ಕಾರ್ನರ್‌ಗೆ ಗೋಲ್‌ಕೀಪರ್ ಅಲಿಸನ್ ಬೆಕರ್ ಎದುರಾಳಿಯ ಗೋಲಿನವರೆಗೂ ಓಡಿ ಬಂದು, ತಲೆಯಿಂದ ಹೊಡೆದು ಗೆಲ್ಲಿಸಿದರು. 69 ಅಂಕ, ಮೂರನೇ ಸ್ಥಾನ. ಮುಂದಿನ ಬೇಸಿಗೆಯಲ್ಲಿ ಕ್ಲಬ್ ಮೊದಲು ಮಾಡಿದ ಕೆಲಸ ಇಬ್ರಾಹಿಮಾ ಕೊನಾಟೆ ಎಂಬ ಸೆಂಟರ್ ಬ್ಯಾಕ್‌ನನ್ನು ಕೊಂಡದ್ದು.

ಈ ಕಥೆಯಿಂದ ಒಂದು ಅಭ್ಯಾಸ ಕಲಿಯಬಹುದು. ಪಂದ್ಯಕ್ಕೆ ಒಂದು ಗಂಟೆಗೂ ಮೊದಲೇ ಎರಡೂ ತಂಡಗಳ ಪಟ್ಟಿ ಹೊರಬೀಳುತ್ತದೆ: ಆಡುವ ಹನ್ನೊಂದು, ಬೆಂಚಿನಲ್ಲಿ ಒಂಬತ್ತು. ಹನ್ನೊಂದನ್ನು ಎಲ್ಲರೂ ನೋಡುತ್ತಾರೆ. ನೀವು ಒಂಬತ್ತನ್ನು ಓದಿ. ಅಲ್ಲಿ ಇಬ್ಬರು ಗೋಲ್‌ಕೀಪರ್‌ಗಳೂ ನಾಲ್ಕು ಮಂದಿ ಅಕಾಡೆಮಿ ಹುಡುಗರೂ ಕಂಡರೆ, 70ನೇ ನಿಮಿಷದ ಬಳಿಕ ಆ ಕೋಚ್ ಕೈಯಲ್ಲಿ ಹೆಚ್ಚೇನೂ ಇಲ್ಲ. ಈಗ ಐದು ಬದಲಿ ಆಟಗಾರರನ್ನು ಇಳಿಸಬಹುದಾದ್ದರಿಂದ ಬೆಂಚಿನ ತೂಕ ಮೊದಲಿಗಿಂತ ಹೆಚ್ಚು.

ಗಾಯಗಳಲ್ಲೂ ಬಗೆ ಉಂಟು. ಡಿಕ್ಕಿಯಾಗಿ ಆಗುವ ಗಾಯ ಒಂದು, ಸ್ನಾಯು ತಾನೇ ಸೋತು ಹರಿಯುವುದು ಇನ್ನೊಂದು. ಯುರೋಪಿನ ದೊಡ್ಡ ಕ್ಲಬ್ಬುಗಳ ಗಾಯಗಳನ್ನು 2001ರಿಂದ ಲೆಕ್ಕವಿಟ್ಟ ಸ್ವೀಡನ್ನಿನ ವೈದ್ಯ ಯಾನ್ ಎಕ್‌ಸ್ಟ್ರಾಂಡ್ ಅವರ ತಂಡ ಕಂಡುಕೊಂಡ ಪ್ರಕಾರ, 25 ಮಂದಿಯ ತಂಡಕ್ಕೆ ಒಂದು ಸೀಸನ್‌ನಲ್ಲಿ ಸುಮಾರು 50 ಗಾಯ. ತಲೆಗೆ ಎರಡು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಗಾಯಗಳ ಪಾಲು ಇಪ್ಪತ್ತು ವರ್ಷಗಳಲ್ಲಿ ಶೇ 12ರಿಂದ ಶೇ 24ಕ್ಕೆ ಏರಿದೆ. ಆಟದ ವೇಗ ಏರಿದೆ, ಪಂದ್ಯಗಳು ಹೆಚ್ಚಿವೆ, ಬಿಡುವು ಕುಗ್ಗಿದೆ. ಒಂದೇ ತಂಡದಲ್ಲಿ ತಿಂಗಳೊಳಗೆ ಮೂವರು ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಂಡು ಕುಂಟುತ್ತ ಹೊರನಡೆದರೆ ಹಣೆಬರಹವನ್ನು ದೂರುವ ಮೊದಲು ಆ ತಂಡದ ವೇಳಾಪಟ್ಟಿ ತೆಗೆದು ನೋಡಿ.

ಎಸಿಎಲ್‌ನದು ಬೇರೆಯೇ ಸಂಕಟ. 2024ರ ಸೆಪ್ಟೆಂಬರ್ 22ರಂದು ಆರ್ಸೆನಲ್ ಎದುರು ಮ್ಯಾಂಚೆಸ್ಟರ್ ಸಿಟಿಯ ಮಿಡ್‌ಫೀಲ್ಡರ್ ರೊಡ್ರಿ ಎಸಿಎಲ್ ಹರಿದು ಬಿದ್ದರು. ಮರುತಿಂಗಳು ಪ್ಯಾರಿಸ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ತೆಗೆದುಕೊಳ್ಳಲು ಅವರು ಊರುಗೋಲಿನ ಮೇಲೆ ವೇದಿಕೆಗೆ ಬಂದರು. ಸತತ ನಾಲ್ಕು ಸಲ ಲೀಗ್ ಗೆದ್ದಿದ್ದ ಸಿಟಿ ಆ ಸೀಸನ್‌ನಲ್ಲಿ ಎಲ್ಲ ಟೂರ್ನಿಗಳೂ ಸೇರಿ ಸಾಲಾಗಿ ಐದು ಪಂದ್ಯ ಸೋತಿತು. ರೊಡ್ರಿ ಮರಳಿ ಮೈದಾನಕ್ಕಿಳಿದದ್ದು ಮುಂದಿನ ಮೇ ತಿಂಗಳಲ್ಲಿ, ಅದೂ ಬದಲಿ ಆಟಗಾರನಾಗಿ. ಮರಳಿದ ಆಟಗಾರನಿಗೆ ಹಳೆಯ ಲಯ ಸಿಗಲು ಮತ್ತಷ್ಟು ತಿಂಗಳು ಹಿಡಿಯುತ್ತದೆ. ಅಂಥವರು ಒಂದು ಟ್ಯಾಕಲ್‌ಗೆ ಹಿಂಜರಿದರೆ ದಯವಿಟ್ಟು ಟೀವಿ ಮುಂದೆ ಕೂತು ಬೈಯಬೇಡಿ.

ಇನ್ನು ಕರಾರು. ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್ ಎಂಬ ಸಾಧಾರಣ ಆಟಗಾರನ ಹೆಸರನ್ನು ಪ್ರತಿ ರಸಿಕನೂ ನೆನಪಿಡಬೇಕು. 1990ರಲ್ಲಿ ಅವರ ಕರಾರು ಮುಗಿದಿತ್ತು. ಫ್ರಾನ್ಸಿನ ಕ್ಲಬ್ಬೊಂದು ಕರೆಯುತ್ತಿತ್ತು. ಆದರೂ ಹಳೆಯ ಕ್ಲಬ್ ಹಣ ಕೇಳಿ ಹಿಡಿದಿಟ್ಟುಕೊಂಡಿತು. ಬೋಸ್ಮನ್ ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಕರಾರು ಮುಗಿದ ಆಟಗಾರ ಯಾರಿಗೂ ಬಿಡಿಗಾಸು ಕಟ್ಟಿಸದೆ ಬೇರೆ ಕ್ಲಬ್ಬಿಗೆ ಹೋಗಬಹುದು. ಕೇಸು ನಡೆದ ವರ್ಷಗಳಲ್ಲಿ ಅವರ ಆಟದ ಬದುಕು ಹಾಳಾಯಿತು. ತೀರ್ಪಿನ ಫಲ ಉಣ್ಣುತ್ತಿರುವವರು ಇವತ್ತಿನ ಕೋಟ್ಯಧಿಪತಿ ಆಟಗಾರರು.

ಆ ತೀರ್ಪಿನ ನಂತರ ಕರಾರಿನ ಕೊನೆಯ ವರ್ಷ ಒಂದು ನಾಟಕವೇ ಆಗಿದೆ. ಕೊನೆಯ ಆರು ತಿಂಗಳಲ್ಲಿ ಆಟಗಾರ ಹೊರದೇಶದ ಕ್ಲಬ್ಬಿನೊಡನೆ ನೇರ ಮಾತಾಡಬಹುದು. 2024-25ರಲ್ಲಿ ಲಿವರ್‌ಪೂಲ್‌ನ ಮೂವರು ದೊಡ್ಡವರ, ಅಂದರೆ ಮೊಹಮದ್ ಸಲಾ, ವ್ಯಾನ್ ಡೈಕ್ ಮತ್ತು ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಅವರ ಕರಾರು ಒಟ್ಟಿಗೆ ಕೊನೆಯ ವರ್ಷಕ್ಕೆ ಬಂದಿತ್ತು. ತಂಡ ಮೊದಲ ಸ್ಥಾನದಲ್ಲಿತ್ತು, ಆದರೂ ಪ್ರತಿ ಗೆಲುವಿನ ಮರುದಿನ ಅಭಿಮಾನಿಗಳ ಪ್ರಶ್ನೆ ಅದೊಂದೇ. ಸಲಾ ಮತ್ತು ವ್ಯಾನ್ ಡೈಕ್ ಏಪ್ರಿಲ್‌ನಲ್ಲಿ ಸಹಿ ಹಾಕಿದರು. ಅದೇ ತಿಂಗಳ 27ರಂದು ತಂಡ ಲೀಗ್ ಗೆದ್ದಿತು. ಆರ್ನಾಲ್ಡ್ ರಿಯಲ್ ಮ್ಯಾಡ್ರಿಡ್‌ಗೆ ಹೊರಟರು. ಆರನೇ ವಯಸ್ಸಿನಿಂದ ಲಿವರ್‌ಪೂಲ್‌ನಲ್ಲೇ ಬೆಳೆದ ಹುಡುಗ. ಆನ್‌ಫೀಲ್ಡ್‌ನಲ್ಲಿ ಅವರಿಗೆ ಸ್ವಂತ ಅಭಿಮಾನಿಗಳಿಂದಲೇ ಬಿದ್ದ ಛೀಮಾರಿ ಕೇಳಿದರೆ ಕರಾರು ಎಂಬುದು ಲೆಕ್ಕದ ಮಾತಷ್ಟೇ ಅಲ್ಲ ಎಂದು ಗೊತ್ತಾಗುತ್ತದೆ.

ಲೆಕ್ಕದ ಮಾತೂ ಉಂಟು. 10 ಕೋಟಿ ಪೌಂಡಿಗೆ ಐದು ವರ್ಷದ ಕರಾರಿನ ಮೇಲೆ ಕೊಂಡರೆ ಪುಸ್ತಕದಲ್ಲಿ ವರ್ಷಕ್ಕೆ ಎರಡು ಕೋಟಿಯಂತೆ ಖರ್ಚು ಬರೆಯುತ್ತಾರೆ. ಅಕಾಡೆಮಿಯಲ್ಲಿ ಬೆಳೆದವನಿಗೆ ಕೊಂಡ ಬೆಲೆಯೇ ಇಲ್ಲ. ಮಾರಿದರೆ ಬಂದದ್ದೆಲ್ಲ ಲಾಭ. ನಷ್ಟದ ಮಿತಿ ದಾಟಿದ ಕ್ಲಬ್ಬಿನ ಅಂಕವನ್ನೇ ಕಡಿದದ್ದುಂಟು. 2023-24ರಲ್ಲಿ ಎವರ್ಟನ್‌ಗೆ ಮೊದಲು 10 ಅಂಕ ಕಡಿದು, ಮೇಲ್ಮನವಿಯ ನಂತರ ಆರಕ್ಕೆ ಇಳಿಸಿ, ಮತ್ತೊಂದು ಪ್ರಕರಣದಲ್ಲಿ ಎರಡು ಕಡಿದರು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ನಾಲ್ಕು. ಹೀಗಾಗಿ ಊರಿನ ಹುಡುಗನೇ ಮೊದಲು ಮಾರಾಟಕ್ಕೆ ನಿಲ್ಲುತ್ತಾನೆ. ಕ್ಲಬ್ಬುಗಳನ್ನು ಸಾಲದಿಂದ ಕಾಯಲು ಮಾಡಿದ ನಿಯಮ ಕ್ಲಬ್ಬಿನ ಬೇರನ್ನೇ ಕೀಳಿಸುತ್ತಿರುವುದು ತಪ್ಪು. ಇದನ್ನು ತಿದ್ದಲೇಬೇಕು.

ತಂಡ ಕಟ್ಟುವ ವಿಷಯಕ್ಕೆ ಬಂದರೆ 2015-16ರ ಲೆಸ್ಟರ್ ಸಿಟಿಗಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಜೇಮಿ ವಾರ್ಡಿ ಬಂದದ್ದು ವೃತ್ತಿಪರ ಲೀಗಿನ ಹೊರಗಿದ್ದ ಫ್ಲೀಟ್‌ವುಡ್ ಟೌನ್‌ನಿಂದ. ರಿಯಾದ್ ಮಹ್ರೆಜ್ ಬಂದದ್ದು ಫ್ರಾನ್ಸಿನ ಎರಡನೇ ದರ್ಜೆಯಿಂದ. ಎನ್‌ಗೋಲೊ ಕಾಂಟೆ ಕಾಯೆನ್ ಎಂಬ ಸಣ್ಣ ಕ್ಲಬ್ಬಿನಿಂದ. ಲೆಫ್ಟ್ ಬ್ಯಾಕ್ ಕ್ರಿಸ್ಟಿಯನ್ ಫುಕ್ಸ್ ಜರ್ಮನಿಯಲ್ಲಿ ಕರಾರು ಮುಗಿಸಿ ಪುಕ್ಕಟೆಯಾಗಿ ಬಂದರು. ಅಲ್ಲಿ ಬೋಸ್ಮನ್ ಋಣವಿದೆ. ಯುರೋಪಿನ ಟೂರ್ನಿ ಇಲ್ಲ, ಕಪ್ ಟೂರ್ನಿಗಳಿಂದ ಬೇಗ ಹೊರಬಿದ್ದರು. ಹಾಗಾಗಿ ಹೆಚ್ಚಿನ ವಾರಗಳಲ್ಲಿ ಒಂದೇ ಪಂದ್ಯ, ದಣಿವು ಕಮ್ಮಿ, ಗಾಯ ಕಮ್ಮಿ. ಇಡೀ ಲೀಗ್‌ನಲ್ಲಿ 23 ಆಟಗಾರರಿಂದಲೇ ಕೆಲಸ ಮುಗಿಸಿ 81 ಅಂಕಗಳೊಡನೆ ಚಾಂಪಿಯನ್ ಆದರು. ಮರುವರ್ಷ ಕಾಂಟೆಯನ್ನು ಚೆಲ್ಸಿ ಕೊಂಡಿತು. ವಾರದ ನಡುವೆ ಚಾಂಪಿಯನ್ಸ್ ಲೀಗ್ ಪಂದ್ಯಗಳು ಸೇರಿದವು. ಲೆಸ್ಟರ್ 12ನೇ ಸ್ಥಾನಕ್ಕೆ ಜಾರಿತು, ಕೋಚ್ ಕ್ಲಾಡಿಯೊ ರನಿಯೇರಿ ಫೆಬ್ರುವರಿಯಲ್ಲೇ ಕೆಲಸ ಕಳೆದುಕೊಂಡರು. ಕಾಂಟೆ ಇದ್ದ ಚೆಲ್ಸಿ ಆ ವರ್ಷದ ಚಾಂಪಿಯನ್.

ನಮ್ಮ ಬೆಂಗಳೂರು ಎಫ್‌ಸಿಯನ್ನೂ ಇದೇ ಕಣ್ಣಿನಿಂದ ನೋಡಬಹುದು. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದಿತು. ಆ ವರ್ಷಗಳುದ್ದಕ್ಕೂ ತಂಡದ ನಡುಗಂಬವಾಗಿ ಉಳಿದವರು ಸುನಿಲ್ ಚೆಟ್ರಿ. 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್ ನಡೆಯುವುದೇ ಖಾತ್ರಿಯಿಲ್ಲದಾಗ ಅದೇ ಕ್ಲಬ್ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. ದೇಶದ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ನವೀಕರಣವಾಗಿರಲಿಲ್ಲ. ಆಟಗಾರನ ಕೈಯಲ್ಲಿ ಕರಾರು ಇದ್ದರೂ ಆಡಲು ಸೀಸನ್ ಇಲ್ಲದ ಸ್ಥಿತಿ. ತವರು ಕಂಠೀರವ ಕ್ರೀಡಾಂಗಣದಲ್ಲಿ ಡೋಲು ಬಾರಿಸುವ ಹುಡುಗರಿಗೆ ಇದು ಎಷ್ಟು ನೋವಿನ ಸಂಗತಿಯೋ ಆಟಗಾರರ ಮನೆಯವರಿಗೆ ಅದರ ಹತ್ತುಪಟ್ಟು.

ಈಗ ನಿಮ್ಮ ಕೆಲಸ. ಬರುವ ಆಗಸ್ಟ್‌ನಲ್ಲಿ ಒಂದು ತಂಡ ಹಿಡಿಯಿರಿ, ದೊಡ್ಡದೋ ಚಿಕ್ಕದೋ ನಿಮ್ಮಿಷ್ಟ. ಪ್ರೀಮಿಯರ್ ಲೀಗ್ ತಂಡ ಹೆಚ್ಚೆಂದರೆ 25 ಹೆಸರುಗಳ ಪಟ್ಟಿ ಕೊಡುತ್ತದೆ, 21ರೊಳಗಿನ ಹುಡುಗರು ಅದಕ್ಕೆ ಹೊರತು. ಒಂದು ನೋಟ್‌ಬುಕ್ಕಿನಲ್ಲಿ ಆ ಹೆಸರುಗಳನ್ನು ಅವರವರು ಆಡುವ ಜಾಗಕ್ಕೆ ತಕ್ಕಂತೆ ಬರೆದುಕೊಳ್ಳಿ. ಎದುರಿಗೆ ವಯಸ್ಸು, ಕರಾರು ಮುಗಿಯುವ ವರ್ಷ, ಹಿಂದಿನ ಸೀಸನ್‌ನಲ್ಲಿ ಆಡಿದ ಪಂದ್ಯ ಎಷ್ಟು ಎಂಬುದಿರಲಿ. ಯಾವ ಜಾಗಕ್ಕೆ ಎರಡನೇ ಹೆಸರು ಬರೆಯಲಾಗುವುದಿಲ್ಲವೋ ಅಲ್ಲಿ ಪೆನ್ಸಿಲಿನಲ್ಲೊಂದು ಸುತ್ತು ಹಾಕಿ. ಜನವರಿಯಲ್ಲಿ ಆಟಗಾರರನ್ನು ಕೊಳ್ಳುವ ಟ್ರಾನ್ಸ್‌ಫರ್ ಬಾಗಿಲು ತೆರೆದ ದಿನ ಆ ಪುಟವನ್ನು ಮತ್ತೊಮ್ಮೆ ತೆಗೆದು ನೋಡಿ.