ಸ್ತೋತ್ರಕ್ಕೂ ಮೊದಲು ಅಳು

ಮಣ್ಣು ಮುಗಿಸಿ ಬಂದ ಮೇಲೆ ವಿಜಯಪುರದ ಕ್ರೈಸ್ತ ಮನೆಗಳಲ್ಲಿ ಪ್ರಾರ್ಥನಾ ಕೂಟ ಸೇರುತ್ತದೆ. ಹಾರ ಹಾಕಿದ ಫೋಟೊ, ಪಡಸಾಲೆಗೆ ಹಾಸಿದ ಜಮಖಾನೆ, ಕೈಯಲ್ಲಿ ಸತ್ಯವೇದ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಉತ್ತರ ಕರ್ನಾಟಕದಲ್ಲಿ ಊರಿಸಿದ ಪ್ರೊಟೆಸ್ಟೆಂಟ್ ಪರಂಪರೆಯಲ್ಲಿ ಇದು ಮನೆಯ ಆರಾಧನೆ. 2005ರಲ್ಲಿ ಆದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದ ಇಲ್ಲಿನ ಕಥೋಲಿಕರಿಗೆ ಏಳನೇ ದಿನದ ಬಲಿಪೂಜೆ, ವರ್ಷದ ಬಲಿಪೂಜೆ ಇವೆ. ನವೆಂಬರ್ 2 ಅಂತೂ ಸತ್ತವರೆಲ್ಲರ ದಿನ.

ಈ ಪದ್ಧತಿಯ ದೊಡ್ಡ ಗುಣ, ದುಃಖದ ಮನೆಯನ್ನು ಅದು ಒಂಟಿಯಾಗಿ ಬಿಡುವುದಿಲ್ಲ. ಏನು ಮಾತಾಡಬೇಕೆಂದು ತಿಳಿಯದವರಿಗೂ ಅಲ್ಲಿ ಕೂತು ಹಾಡಲಿಕ್ಕೆ ಬರುತ್ತದೆ. ಪುನರುತ್ಥಾನದ ನಂಬಿಕೆ ಬೋಧನೆಗಿಂತ ಹೆಚ್ಚಾಗಿ ಹತ್ತು ಗಂಟಲು ಕೂಡಿದ ಆ ಹಾಡಿನಲ್ಲೇ ಮನಸ್ಸಿಗೆ ಇಳಿಯುತ್ತದೆ.

ತಕರಾರು ಬೋಧನೆಯ ಹೊತ್ತಿಗೆ ಶುರುವಾಗುತ್ತದೆ. ‘ಎಲ್ಲಾ ಕರ್ತನ ಚಿತ್ತ, ಅಳಬ್ಯಾಡವ್ವಾ, ಸ್ತೋತ್ರ ಹೇಳು’ ಎಂಬ ಮಾತು ನಿನ್ನೆ ಗಂಡನನ್ನು ಕಳೆದುಕೊಂಡವಳ ಮುಂದೆ ಬೀಳುತ್ತದೆ. ಅವಳು ಹೇಳುತ್ತಾಳೆ ಕೂಡ. ಹೇಳದಿದ್ದರೆ ವಿಶ್ವಾಸ ಕಡಿಮೆ ಎಂದಾರು ಎಂಬ ಅಂಜಿಕೆಯಿಂದ ಬಂದ ಆ ಸ್ತೋತ್ರಕ್ಕೆ ಕೃತಜ್ಞತೆ ಎನ್ನುವುದು ಹೇಗೆ?

ಸತ್ಯವೇದ ಹಿಡಿದ ದಾರಿ ಬೇರೆ. 150 ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಮೊರೆಯ ಹಾಡುಗಳು. 22ನೆಯದು ಕೈಬಿಟ್ಟ ದೇವರನ್ನು ಪ್ರಶ್ನಿಸುತ್ತಲೇ ಆರಂಭವಾಗುತ್ತದೆ; ಸಭೆಯ ನಡುವಿನ ಸ್ತುತಿ ಬರುವುದು ಆಮೇಲೆ. 88ನೆಯದಂತೂ ಸ್ತುತಿಯ ತನಕ ಹೋಗದೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದನ್ನು ಯಾರೂ ಗ್ರಂಥದಿಂದ ಕಿತ್ತು ಹಾಕಲಿಲ್ಲ. ಹತ್ತು ಮಕ್ಕಳನ್ನು ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಕಾರಣ ಹೇಳಲು ಬಾಯಿ ತೆರೆದದ್ದೇ ಕೆಟ್ಟರು. ಲಾಜರನನ್ನು ಎಬ್ಬಿಸಲು ಹೊರಟಿದ್ದ ಯೇಸು ಕೂಡ ಮೊದಲು ಅತ್ತ.

ಬೋಧಕರಿಗೆ ಪ್ರಿಯವಾದ ಒಂದು ಹೋಲಿಕೆ ಯೋಹಾನನ ಸುವಾರ್ತೆಯ ದ್ರಾಕ್ಷಿ ಬಳ್ಳಿ: ದೇವರು ಕತ್ತರಿಸುವುದು ಹೆಚ್ಚು ಫಲಕ್ಕಾಗಿ ಎನ್ನುವುದು. ದ್ರಾಕ್ಷಿ ಬೆಳೆಯುವ ತಿಕೋಟಾ, ಬಾಬಲೇಶ್ವರದ ಕಡೆ ಇದನ್ನು ಹೇಳುವವರು ಸ್ವಲ್ಪ ಎಚ್ಚರದಿಂದಿರಬೇಕು, ಕೇಳುವವರಿಗೆ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಗೊತ್ತು. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಕತ್ತರಿ ಆಡುತ್ತದೆ. ಕೊಯ್ದ ಕಡ್ಡಿಯಿಂದ ನೀರು ಒಸರುತ್ತದೆ, ಕಣ್ಣುಗಳಿಗೆ ಪೇಸ್ಟ್ ಹಚ್ಚಬೇಕು, ಹಣ್ಣಿಗೆ ಮತ್ತೆ ನಾಲ್ಕು ತಿಂಗಳು ಕಾಯಬೇಕು. ಕತ್ತರಿಸಿದ ಮರುದಿನ ಗೊನೆ ಎಲ್ಲಿ ಎಂದು ಯಾವ ರೈತನೂ ಬಳ್ಳಿಯನ್ನು ಕೇಳುವುದಿಲ್ಲ. ಮೇಲಾಗಿ ಆ ಅಧ್ಯಾಯ ಶಿಷ್ಯರ ಬಾಳಿನ ಕುರಿತದ್ದು. ಮಗುವಿನ ಸಾವಿಗೆ ಅದನ್ನು ಸಮಜಾಯಿಷಿ ಮಾಡುವುದು ಅನ್ಯಾಯ.

ಕೃತಜ್ಞತೆಯ ಮಾತು ಬಂದರೆ ಈ ಸೀಮೆಗೆ ನೆನಪಾಗುವುದು ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ. 2023ರ ಜನವರಿ 2ರಂದು ಅವರು ತೀರಿಕೊಂಡಾಗ, 2014ರ ಗುರುಪೂರ್ಣಿಮೆಯಂದು ಬರೆದಿಟ್ಟಿದ್ದ ‘ಅಂತಿಮ ಅಭಿವಂದನ ಪತ್ರ’ ಹೊರಬಂತು. ಸ್ಮಾರಕ ಬೇಡ, ಶ್ರಾದ್ಧ ಬೇಡ ಎಂದದ್ದು ಆ ಪತ್ರ. ಕ್ರೈಸ್ತರ ಪುನರುತ್ಥಾನಕ್ಕೂ ಸ್ವಾಮೀಜಿಯ ದರ್ಶನಕ್ಕೂ ನಂಟಿಲ್ಲ, ನಿಜ. ಆದರೆ ಅಲ್ಲಿ ವಂದನೆ ಹೇಳಿದವರು ಹೊರಟು ನಿಂತವರು, ಅದೂ ತಾವಾಗಿ. ಉಳಿದವರಿಗೆ ಅಳು ಅನಿವಾರ್ಯವಾಗಿತ್ತು; ವಿಜಯಪುರ ಅತ್ತಿತು.

ನಮ್ಮ ಕಡೆಯ ಹೆಣ್ಣುಮಕ್ಕಳು ಹಾಡ್ಯಾಡಿ ಅಳುವುದನ್ನೇ ನೋಡಿ. ಸತ್ತವನು ಯಾವ ಸಂತೆಯಿಂದ ಏನು ತಂದ, ಯಾರ ಮದುವೆಗೆ ಎಷ್ಟು ಓಡಾಡಿದ, ಒಂದೊಂದಾಗಿ ಎಣಿಸಿ ಅಳುತ್ತಾರೆ. ಪಡೆದದ್ದರ ಲೆಕ್ಕವೂ ಕಳೆದುಕೊಂಡದ್ದರ ಸಂಕಟವೂ ಒಂದೇ ಉಸಿರಿನಲ್ಲಿ ಬರುತ್ತವೆ. ಕೂಟದ ಗಾಂಭೀರ್ಯಕ್ಕೆ ಭಂಗವೆಂದು ಇದನ್ನು ಸುಮ್ಮನಾಗಿಸಿದಾಗ ಕೃತಜ್ಞತೆಯ ಬಾಯನ್ನೇ ಕಟ್ಟಿದಂತಾಗುತ್ತದೆ.

ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರೆಂದು ಪೌಲ ಥೆಸಲೋನಿಕದವರಿಗೆ ಬರೆದ. ದುಃಖವನ್ನೇ ಬಿಡಿರೆಂದು ಬರೆಯಲಿಲ್ಲ. ಆದ್ದರಿಂದ ಕೂಟ ಇರಲಿ, ಹಾಡೂ ಇರಲಿ. 23ನೇ ಕೀರ್ತನೆಯ ಜೊತೆ 88ನೆಯದನ್ನೂ ಓದಲಿ, ಬೋಧನೆ ಹತ್ತು ನಿಮಿಷಕ್ಕೆ ಮುಗಿಯಲಿ. ಸ್ತೋತ್ರವನ್ನು ಯಾವಾಗ ಹೇಳಬೇಕೆಂಬ ತೀರ್ಮಾನ ಮಾತ್ರ ಕಳೆದುಕೊಂಡವರದೇ ಆಗಿರಲಿ, ಅದಕ್ಕೆ ವರ್ಷದ ಸ್ಮರಣೆಯ ತನಕ ಕಾಯಬೇಕಾಗಿ ಬಂದರೂ ಸರಿ.