ಬಯಲುಸೀಮೆಯಿಂದ ನೋಡಿದ ಕೋನಿಗ್ಸ್‌ಬರ್ಗರ್

ಹಿರಿಯೂರಿನ ಏಪ್ರಿಲ್ ಬಿಸಿಲಲ್ಲಿ ಬೆಳೆದವರು ಕಟ್ಟಡ ಚೆಂದವಿದೆಯೇ ಎಂದು ಕೇಳುವುದಿಲ್ಲ, ಒಳಗೆ ತಂಪಿದೆಯೇ ಎಂದು ಕೇಳುತ್ತಾರೆ. ಓಟೊ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿ ಮೈಸೂರು ಸಂಸ್ಥಾನದಲ್ಲಿ ಮಾಡಿದ ಕೆಲಸವನ್ನು ನಾನು ಅಳೆಯುವುದೂ ಅದೇ ಪ್ರಶ್ನೆಯಿಂದ.

1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ವಾಸ್ತುಶಿಲ್ಪಿ ಹಾನ್ಸ್ ಪೋಲ್ಜಿಗ್ ಬಳಿ ಕಲಿತ ಈ ಯಹೂದಿ ತರುಣ ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟರು. ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಅದು ಯುದ್ಧದ ಕಾಲ. ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೇ ಕೈಕೆಳಗೆ ಪಳಗಿದ ಜಪಾನಿನ ವಾಸ್ತುಶಿಲ್ಪಿ ಕುನಿಯೊ ಮಯೆಕಾವಾ ಅದೇ ಹೊತ್ತಿನಲ್ಲಿ, 1942ರಲ್ಲಿ ಟೋಕಿಯೊದಲ್ಲಿ ತಮ್ಮ ಮನೆಯನ್ನು ಮರದಲ್ಲಿ, ಇಳಿಜಾರು ಮಾಡಿನಲ್ಲಿ ಕಟ್ಟಿಕೊಂಡರು. ಹೊಸ ವಿದ್ಯೆ ಹಳೆಯ ನೆಲಕ್ಕೆ ಬಾಗಿದ್ದು ಮೈಸೂರು, ಟೋಕಿಯೊ ಎರಡೂ ಕಡೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಜನರ ಬಾಯಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೋನಿಗ್ಸ್‌ಬರ್ಗರ್ ಕಟ್ಟಿದ ಊಟದ ಹಾಲ್, ಸಭಾಂಗಣ, ವಿಮಾನ ವಿಜ್ಞಾನದ ವಿಭಾಗ ನನಗೆ ಅವರ ನಿಜವಾದ ಆರಂಭ. ಅಲಂಕಾರ ಬಯಸುತ್ತಿದ್ದ ದರ್ಬಾರಿನ ಅಭಿರುಚಿ ಇಲ್ಲಿ ಹಿಂದೆ ಸರಿದಿದೆ. ಜಗಲಿ, ಸಜ್ಜ, ಎದುರುಬದುರು ಕಿಟಕಿ, ಇವೇ ಇಲ್ಲಿ ಶೈಲಿ. ಇದು ದೊಡ್ಡ ಸಾಧನೆ.

ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ನಮ್ಮಜ್ಜಿಯದು ಮಾಳಿಗೆ ಮನೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ದಪ್ಪಗೆ ಮಣ್ಣು. ನಡುವೆ ಒಂದು ಗವಾಕ್ಷಿ. ಮಧ್ಯಾಹ್ನ ಅದರಿಂದ ಇಳಿದ ಬೆಳಕಿನ ಕೋಲು ಪಡಸಾಲೆಯ ನೆಲದ ಮೇಲೆ ನಿಧಾನ ಸರಿಯುತ್ತಿತ್ತು. ಮೋಡ ಕಟ್ಟಿದರೆ ಯಾರಾದರೂ ಮೇಲೆ ಹತ್ತಿ ಅದನ್ನು ಮುಚ್ಚಬೇಕು. ಹೊರಗೆ ಕೆಂಡದಂಥ ಬಿಸಿಲಿದ್ದರೂ ಅಜ್ಜಿ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಈ ಮಣ್ಣಿನ ಕೆಲಸಗಾರರ ಜಾಣ್ಮೆ ಕೋನಿಗ್ಸ್‌ಬರ್ಗರ್ ಅವರ ಆ ಕಟ್ಟಡಗಳಲ್ಲಿ ನನಗೆ ಕಾಣುವುದಿಲ್ಲ. ಬಿಸಿಲು, ಗಾಳಿಯ ದಿಕ್ಕನ್ನು ಅವರು ಬಲ್ಲರು. ಊರಿನ ಕೈಗಳನ್ನು ಅಷ್ಟಾಗಿ ಅರಿಯಲಿಲ್ಲ. ಮುಂದೆ ದೆಹಲಿಯಲ್ಲಿ ದೇಶವಿಭಜನೆಯ ನಿರಾಶ್ರಿತರಿಗೆಂದು ಹಮ್ಮಿಕೊಂಡ ಕಾಂಕ್ರೀಟ್ ಹಲಗೆಯ ಸಿದ್ಧಮನೆಗಳ ಯೋಜನೆ ಸೋತದ್ದಕ್ಕೂ ಇದೇ ಬೇರು ಎಂಬುದು ನನ್ನ ಅನಿಸಿಕೆ.

ಆ ಸೋಲಿನಿಂದ ಮೈಸೂರಿನ ಸುಮಾರು ಹತ್ತು ವರ್ಷಗಳ ಬೆಲೆ ಇಳಿಯುವುದಿಲ್ಲ. ಲಂಡನ್ನಿಗೆ ಹೋಗಿ ಉಷ್ಣವಲಯದ ಕಟ್ಟಡ ವಿದ್ಯೆ ಕಲಿಸಿದಾಗ ಅವರ ಕೈಯಲ್ಲಿದ್ದ ಬಂಡವಾಳ ಇಲ್ಲಿ ಗಳಿಸಿದ್ದೇ.

ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಯಲ್ಲಿ ಮನೆ ಕಟ್ಟಿಸಲು ಹೊರಟವರಲ್ಲಿ ಒಂದು ಮಾತು: ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ನಿಮ್ಮೂರಲ್ಲಿ ಉಳಿದಿರುವ ಒಂದು ಮಾಳಿಗೆ ಮನೆಯೊಳಗೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಕುಳಿತು ಬನ್ನಿ.