ಅರ್ತಷಸ್ತನ ಕಂದಾಯವೂ ನೆಹೆಮೀಯನ ಮೌನವೂ

ಪಾರಸಿಯ ಅರಸರ ವಿಷಯದಲ್ಲಿ ನಮ್ಮ ಪ್ರಸಂಗಗಳು ಬಹುಮಟ್ಟಿಗೆ ಕೋರೆಷನಲ್ಲಿಯೇ ನಿಂತುಬಿಡುತ್ತವೆ. ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದ ಅವನನ್ನು ಯೆಶಾಯನ ಗ್ರಂಥವು ಅಭಿಷಿಕ್ತನೆಂದೇ ಕರೆದಿದೆ. ಸುಮಾರು ನೂರು ವರುಷಗಳ ತರುವಾಯ, ಅರ್ತಷಸ್ತನ ಕಾಲದಲ್ಲಿ, ಪ್ರಜೆಯ ಸ್ಥಿತಿ ಏನಾಗಿತ್ತೆಂಬುದನ್ನು ನೆಹೆಮೀಯನ 5ನೆಯ ಅಧ್ಯಾಯವು ತೋರಿಸುತ್ತದೆ: ಅರಸನ ಕಂದಾಯಕ್ಕಾಗಿ ಹೊಲ, ದ್ರಾಕ್ಷೇತೋಟಗಳನ್ನು ಒತ್ತೆಯಿಟ್ಟವರು ಮಕ್ಕಳನ್ನೂ ದಾಸತ್ವಕ್ಕೆ ಒಪ್ಪಿಸುತ್ತಿದ್ದರು.

ಅಧಿಪತಿಯಾದ ನೆಹೆಮೀಯನು ಬಡ್ಡಿಯನ್ನು ಬಿಡಿಸಿದನು, ಹೊಲಗಳನ್ನು ಹಿಂದಕ್ಕೆ ಕೊಡಿಸಿದನು. 12 ವರುಷ ತನ್ನ ಪದವಿಯ ಭತ್ಯವನ್ನೂ ಮುಟ್ಟಲಿಲ್ಲ. ಇದು ಸಣ್ಣ ಕಾರ್ಯವಲ್ಲ. ಆದರೂ ಅವನು ಶ್ರೀಮಂತರನ್ನು ಗದರಿಸುತ್ತಾನೆಯೇ ಹೊರತು ಕಂದಾಯವನ್ನು ಪ್ರಶ್ನಿಸುವುದಿಲ್ಲ. ಅರಸನ ಸೇವಕನು ಆಡದ ಮಾತು 9ನೆಯ ಅಧ್ಯಾಯದ ಪ್ರಾರ್ಥನೆಯಲ್ಲಿದೆ: ಪಿತೃಗಳ ನಾಡಿನಲ್ಲಿಯೇ ಜನರು ದಾಸರು, ಭೂಮಿಯ ಹುಟ್ಟುವಳಿ ಅರಸರ ಪಾಲು. ನೆಹೆಮೀಯನು ಅರಸನ ಬಳಿಗೆ ಹಿಂದಿರುಗಿದಾಗ ಅವನ ಇತರ ಸುಧಾರಣೆಗಳು ಕುಸಿದವೆಂಬುದನ್ನು 13ನೆಯ ಅಧ್ಯಾಯವು ಮರೆಮಾಚುವುದಿಲ್ಲ.

ಸಾಲದ ಈ ಕಥೆ ಗದಗ ಸೀಮೆಗೆ ಅಪರಿಚಿತವಲ್ಲ. 1905ರಲ್ಲಿ ಕಣಗಿನಹಾಳದ ರೈತರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಅದಕ್ಕೂ ಸಾಮ್ರಾಜ್ಯವೊಂದರ 1904ರ ಕಾಯಿದೆಯೇ ಆಧಾರ. ಆದರೆ ಅಲ್ಲಿ ಸಾಲವು ಧಣಿಯ ಕರುಣೆಯಾಗಿರಲಿಲ್ಲ. ನೆರೆಹೊರೆಯವರು ಒಬ್ಬರಿಗಾಗಿ ಒಬ್ಬರು ಹೊತ್ತ ಹೊಣೆಯಾಗಿತ್ತು. ನೆಹೆಮೀಯನ ಔದಾರ್ಯವನ್ನು ಬೋಧಿಸುವ ನಾವು 9ನೆಯ ಅಧ್ಯಾಯವನ್ನು ಬಿಟ್ಟು ಓದಿದರೆ, ಸಭೆಗೆ ಧರ್ಮವನ್ನು ಕಲಿಸಿದಂತಾದೀತೇ ಹೊರತು ನ್ಯಾಯವನ್ನು ಕಲಿಸಿದಂತಾಗದು.